ಬಿಲ್ ಬುಕ್ಕಿನ ಹಿಂದೆ ಬಿಡಿಸಿದ ಕಾರ್ಟೂನು

ನಮಸ್ಕಾರ, ಮುಂಬೈ ಪಕ್ಕದ ಡೊಂಬಿವಲಿಯಿಂದ ಮಾತಾಡ್ತಿದ್ದೀನಿ, ಹಿಂದ್ಗಡೆ ಕುಕ್ಕರ್ ಸೀಟಿ ಕೇಳಿಸಿದ್ರೆ ಬೇಜಾರು ಮಾಡ್ಕೋಬೇಡಿ.

ಎಲ್ರೂ ನಂಗೆ ಹೇಳೋದು ಒಂದೇ, ಲಾಕ್‌ಡೌನಲ್ಲಿ ಟೈಮಿತ್ತು, ಅದಕ್ಕೆ ನೀವು ಮತ್ತೆ ಕಾರ್ಟೂನ್ ಶುರು ಮಾಡಿದ್ರಿ ಅಂತ. ಟೈಮಾ? ಹನ್ನೆರಡು ವರ್ಷ ಪೆನ್ ಮುಟ್ಟಿರ್ಲಿಲ್ಲ ನಾನು, ಆವಾಗ್ಲೂ ವಾರಕ್ಕೊಂದು ಭಾನುವಾರ ಇತ್ತಲ್ಲ ಮಾರಾಯ್ರೆ. 2020ರ ಮಾರ್ಚ್ ಕೊನೇಲಿ ಲೋಕಲ್ ಟ್ರೇನ್ ನಿಂತು, ಬಾಗಿಲಿಗೆ ಪೇಪರ್ ಬೀಳೋದೂ ನಿಂತು, ಇವತ್ತು ಮಂಗಳವಾರವೋ ಗುರುವಾರವೋ ಅಂತ ಹೆಂಡ್ತಿ ಹತ್ರ ಕೇಳೋ ಸ್ಥಿತಿ ಬಂತು ನೋಡಿ, ಆಗ ದಿನಕ್ಕೊಂದು ಚಿತ್ರ ಬಿಡಿಸಿ ಕೆಳಗೆ ತಾರೀಕು ಹಾಕೋಕೆ ಶುರು ಮಾಡಿದ್ದು. ಡ್ರಾಯಿಂಗ್ ಶೀಟ್ ಎಲ್ಲಿಂದ ಬರ್ಬೇಕು, ಭಾವನ ಹೋಟ್ಲು ಬಂದ್ ಆಗಿತ್ತು, ಅಲ್ಲಿಯ ಬಿಲ್ ಬುಕ್ಕು ನಮ್ಮನೇಲಿತ್ತು. ತೆಳು ಗುಲಾಬಿ ಹಾಳೆ, ಹಿಂಬದಿಯ ಅಕ್ಷರ ಎಲ್ಲಾ ಕಾಣೋದು, ನಾನು ಬಿಡಿಸಿದ ಎಷ್ಟೋ ಜನರ ಹಣೆ ಮೇಲೆ ಟೇಬಲ್ ನಂಬರ್ ಇದೆ.

ಮೊದಲ ಹತ್ತು ದಿನ ಏನು ಬಿಡಿಸಿದೆ? ಮುಳ್ಳುಮುಳ್ಳಿನ ಚೆಂಡು, ಅದಕ್ಕೆರಡು ಕೋರೆಹಲ್ಲು. ಪೆನ್ಸಿಲ್ ಇದ್ದೋರೆಲ್ಲ ಅದನ್ನೇ ಬಿಡಿಸ್ತಿದ್ರು. ಆಮೇಲೆ ತಟ್ಟೆ ಬಾರಿಸಿದ್ದು, ಏಪ್ರಿಲ್ 5ರ ದೀಪ, ಹಾಲಿನ ಪ್ಯಾಕೆಟ್ಟಿಗೆ ಸೋಪು ಹಚ್ಚಿ ತೊಳೆದಿದ್ದು.

ದಿನಾ ಬಿಡಿಸಿದ್ರೆ ಕೈ ಪಳಗುತ್ತೆ ಅಂತಾರೆ, ಇರಬಹುದು, ಆದ್ರೆ ನಾನು ಹೇಳೋದು ಬೇರೆ. ಸುಲಭಕ್ಕೆ ಸಿಗೋದೆಲ್ಲ ಹದಿನೈದು ದಿನಕ್ಕೆ ಖಾಲಿ, ಆಮೇಲೆ ಹಾಳೆ ಮುಂದೆ ಕೂತ್ರೆ, ಇದು ನಮಗ್ಯಾಕೆ ಅಂತ ಪಕ್ಕಕ್ಕಿಟ್ಟಿದ್ದೇ ಕೈಗೆ ಬರೋದು. ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್ ಇದೇ ಮುಂಬೈಲಿ ಕೂತು 1951ರಿಂದ ದಶಕಗಟ್ಟಲೆ ಆ ಪುಟ್ಟ ಚೌಕದ ಕಾರ್ಟೂನ್ ಬಿಡಿಸಿದ್ರು, ಚೌಕಳಿ ಕೋಟಿನ ಕಾಮನ್ ಮ್ಯಾನ್ ಬಾಯೇ ಬಿಡಲ್ಲ, ನೋಡ್ತಾ ನಿಂತಿರ್ತಾನೆ. ಅವರ ಚಿತ್ರಕ್ಕೆ ಪೇಪರ್ ಕಾಯ್ತಿತ್ತು. ಗೋವಾದ ಕಾರ್ಟೂನಿಸ್ಟ್ ಮಾರಿಯೋ ಮಿರಾಂಡ ಹರೆಯದಲ್ಲೇ ಡೈರಿ ತುಂಬಾ ಊರಿನೋರನ್ನ ಬಿಡಿಸಿಟ್ಟಿದ್ರು, ಯಾವ ಎಡಿಟರೂ ಕೇಳಿರ್ಲಿಲ್ಲ. ನಂಗೆ ಇದ್ದಿದ್ದು ಫ್ಯಾಮಿಲಿ ವಾಟ್ಸಾಪ್ ಗ್ರೂಪು.

ಮೇ 18ಕ್ಕೆ ಕರ್ನಾಟಕ ಸರ್ಕಾರ ಮಹಾರಾಷ್ಟ್ರದಿಂದ ಬರೋರನ್ನ ತಿಂಗಳ ಕೊನೇವರೆಗೆ ಬಿಡಲ್ಲ ಅಂತು. ನಮ್ಮ ಉಡುಪಿ ಕಡೆ ಆಗ ಕೇಸ್ ಏರಿದ್ದು ಹೆಚ್ಚಾಗಿ ಮುಂಬೈಯಿಂದ ಹೋದೋರಿಂದ್ಲೇ, ಊರೋರಿಗೆ ಹೆದರಿಕೆ ಇತ್ತು, ಒಪ್ಪೋಣ. ಆದ್ರೆ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಬೊಂಬಾಯಿಯವ್ರು ಬೇಕು, ಹರಕೆಯ ಯಕ್ಷಗಾನ ಆಟ ಆಡಿಸೋಕೆ ಬೊಂಬಾಯಿಯವ್ರು ಬೇಕು, ಅಲ್ವಾ. ನಾನು ಬಿಡಿಸಿದ್ದು ಇಷ್ಟೇ: ದೇವಸ್ಥಾನದ ಗೋಡೇಲಿ ದಾನಿಗಳ ಕಲ್ಲು, ಮೊದಲ ಹೆಸರಿನ ಮುಂದೆ ಮುಂಬೈ ಅಂತಿದೆ, ಎದುರಿನ ದಾರಿಗೆ ಅಡ್ಡ ಒಂದು ಹಗ್ಗ, ಹಗ್ಗದ ಆಚೆ ಅದೇ ಮನುಷ್ಯ ಬ್ಯಾಗ್ ಹಿಡ್ಕೊಂಡು ತನ್ನ ಹೆಸರು ಓದ್ತಿದಾನೆ. ಮಾತಿಲ್ಲ. ಆ ಹಗ್ಗಕ್ಕೇ ಅರ್ಧ ಗಂಟೆ ಹೋಯ್ತು, ಬಿಗಿಯಾಗಿ ಎಳೆದ್ರೆ ಪೊಲೀಸ್ರು ಕಟ್ಟಿದ ಹಾಗೆ ಕಾಣ್ತಿತ್ತು, ಸ್ವಲ್ಪ ಜೋತುಬಿದ್ದ ಹಾಗೆ ಬಿಡಿಸಿದ್ಮೇಲೆ ಯಾರದ್ದೋ ಮನೆ ಬಾವಿಯ ಹಗ್ಗ ಆಯ್ತು.

ಕೋರೆಹಲ್ಲಿನ ಚೆಂಡಿಗೆ ನಲವತ್ತು ಜನ ಹೆಬ್ಬೆರಳು ಒತ್ತಿದ್ರು, ಇದಕ್ಕೆ ಒಬ್ರೂ ಇಲ್ಲ. ಮೂರು ಜನ ಗ್ರೂಪ್ ಬಿಟ್ರು. ರಾತ್ರಿ ಹತ್ತೂವರೆಗೆ ಊರಿಂದ ದೊಡ್ಡಪ್ಪನ ಮಗ, ನಮ್ಮಣ್ಣ, ಫೋನ್ ಮಾಡಿ ತುಂಬಾ ಹೊತ್ತು ಸುಮ್ನಿದ್ದ, ಆಮೇಲೆ ಕೇಳ್ದ, "ಹಗ್ಗ ಕಟ್ಟಿದ್ದು ನಾನೇ ಅಂತ ನಿಂಗೆ ಹೇಳಿದ್ದು ಯಾರಾ?"

ನಂಗೆ ಯಾರೂ ಹೇಳಿರ್ಲಿಲ್ಲ. ಮಾರನೇ ದಿನ ಏನೂ ಹೊಳೀಲಿಲ್ಲ, ಹಾಲಿನ ಪ್ಯಾಕೆಟ್ಟನ್ನೇ ಇನ್ನೊಂದ್ಸಲ ಬಿಡಿಸಿ ತಾರೀಕು ಹಾಕ್ದೆ.