ಆ ಮಗು ನನ್ನನ್ನು ಏನೆಂದು ಕರೆಯಬೇಕು?

ಕೇಳುಗರಿಗೆ ನಮಸ್ಕಾರ.

ನಾನು ಕಾಸರಗೋಡಿನ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವನು. ಕಳೆದ ವರ್ಷ ಪದವಿ ತರಗತಿಯ ಐವರು ವಿದ್ಯಾರ್ಥಿಗಳು ತಮ್ಮ ಗುಂಪು ಯೋಜನೆಗೆ ಮಾರ್ಗದರ್ಶಕರಾಗಿ ಎಂದು ಬಂದು ನಿಂತರು. ಫೋಸ್ಟರ್ ಕೇರ್, ಅಂದರೆ ಹೆತ್ತವರಿಂದ ದೂರವಾದ ಮಗುವನ್ನು ಬೇರೊಂದು ಕುಟುಂಬ ದತ್ತು ಪಡೆಯದೆ ನೋಡಿಕೊಳ್ಳುವ ವ್ಯವಸ್ಥೆ; ಅದನ್ನು ಸುಧಾರಿಸುವುದು ಹೇಗೆ ಎಂಬುದು ವಿಷಯ. ತುಳುವಿನ ಕಥನಗೀತೆಯಾದ ಪಾಡ್ದನವೋ ಯಕ್ಷಗಾನ ಪ್ರಸಂಗವೋ ಆಗಿದ್ದರೆ ತಕ್ಷಣ ಒಪ್ಪುತ್ತಿದ್ದೆ. ಇದಕ್ಕೆ ನಾನು ಯಾಕೆ ಎಂದು ಕೇಳಿದೆ. ಪೆರ್ಲದ ಹುಡುಗಿ ಹೇಳಿದಳು: "ಸರ್, ಇದಕ್ಕೆ ಕನ್ನಡದಲ್ಲಿ ಒಂದು ಸರಿಯಾದ ಹೆಸರೇ ಇಲ್ಲ. ಅದಕ್ಕೇ ನೀವು ಬೇಕು."

ಹೆಸರು ಹುಡುಕುವುದರಲ್ಲೇ ಒಂದು ಮಧ್ಯಾಹ್ನ ಕಳೆಯಿತು. 'ಸಾಕು ಕುಟುಂಬ' ಎಂದೆ ನಾನು. ಸಾಕುನಾಯಿ, ಸಾಕುಬೆಕ್ಕು ನೆನಪಾಗುತ್ತದೆ ಎಂದು ಹುಡುಗಿಯರು ಮೂಗು ಮುರಿದರು. 'ಪೋಷಕ ಕುಟುಂಬ' ಎಂದರೆ ಇನ್ನೊಂದು ತೊಡಕು. ಪತ್ರಿಕೆಗಳ ಕನ್ನಡದಲ್ಲಿ ಪೋಷಕರು ಎಂದರೆ ಹೆತ್ತವರೇ. ಯಾರ ಮನೆಯಿಂದ ಮಗು ದೂರವಾಯಿತೋ ಅವರೂ ಪೋಷಕರು, ಯಾರ ಮನೆ ಸೇರಿತೋ ಅವರೂ ಪೋಷಕರು ಎಂದಾದರೆ ಓದುವವರು ಏನು ತಿಳಿದುಕೊಳ್ಳಬೇಕು? ಅಷ್ಟರಲ್ಲಿ ಉಪ್ಪಳದ ಹುಡುಗ ಸಾಕಿದ ತಾಯಿಗೆ ಮಲಯಾಳದಲ್ಲಿರುವ 'ಪೋಟ್ಟಮ್ಮ' ಎಂಬ ಪದವನ್ನು ಮುಂದಿಟ್ಟ. ಎಷ್ಟು ಸಲೀಸಾದ ಪದ! ಕನ್ನಡ ಮೇಷ್ಟರಾದ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು ಎಂದರೆ ಸುಳ್ಳಲ್ಲ. ಕೊನೆಗೆ ಕಾಗದದ ಮೇಲೆ 'ಪೋಷಕ ಆರೈಕೆ' ಎಂದು ಬರೆದುಕೊಂಡೆವು. ಆದರೆ ಮನೆ ಮನೆಗೆ ಹೋದಾಗ ಜನರಿಗೆ ಅರ್ಥವಾದದ್ದು ಬೇರೆಯೇ ಮಾತು: ಮಗುವನ್ನು ಮನೆಯಲ್ಲಿ ನಿಲ್ಲಿಸಿಕೊಳ್ಳುವುದು.

ಅದು ನಮ್ಮ ಕಡೆಯ ಹಳೆಯ ಮಾತು. ದೂರದ ಹಳ್ಳಿಯ ಹುಡುಗ ಪೇಟೆಯ ಹತ್ತಿರದ ಯಾರದೋ ಮನೆಯಲ್ಲಿ ನಿಂತು ಶಾಲೆಗೆ ಹೋಗುತ್ತಿದ್ದ. ವಾರಾನ್ನ ಉಂಡು ಓದಿದವರು ನನ್ನ ಗುರುಗಳ ತಲೆಮಾರಿನಲ್ಲಿ ಎಷ್ಟೋ ಮಂದಿ. ಅದಕ್ಕೂ ಹಿಂದೆ ಹೋದರೆ, ಕಾಡಿನಲ್ಲಿ ಬಿಟ್ಟುಹೋದ ಹುಡುಗಿಯನ್ನು ಸಾಯನ ಬೈದ್ಯರು ಮನೆಗೆ ಕರೆತಂದುದರಿಂದಲೇ ಅವಳು ದೇಯಿ ಬೈದೆತಿಯಾದಳು ಎನ್ನುತ್ತದೆ ಪಾಡ್ದನ. ಅವಳು ತೀರಿಕೊಂಡ ಮೇಲೆ ಅವಳ ಅವಳಿ ಮಕ್ಕಳು, ತುಳುನಾಡಿನ ವೀರರಾದ ಕೋಟಿ ಚೆನ್ನಯರು ಬೆಳೆದದ್ದೂ ಅದೇ ಆಸರೆಯಲ್ಲಿ. ಇದನ್ನೆಲ್ಲ ನಾನು ಹುರುಪಿನಿಂದ ಹೇಳುತ್ತಿದ್ದಾಗ ಕುಂಬಳೆಯ ಹುಡುಗ ತಡೆದ. "ನನ್ನ ಅಜ್ಜನೂ ಒಂದು ಮನೆಯಲ್ಲಿ ನಿಂತಿದ್ದರು ಸರ್. ಬೆಳಿಗ್ಗೆ ಹಟ್ಟಿಯ ಗೊಬ್ಬರ ಬಾಚಿ, ಸಂಜೆ ಸೋಗೆ ಹೊತ್ತು, ನಡುವೆ ಸಮಯ ಉಳಿದರೆ ಶಾಲೆ. ಮೂರನೆಯ ತರಗತಿಗೇ ನಿಂತಿತು." ನನ್ನ ಬಾಯಿ ಕಟ್ಟಿತು.

ಕಾನೂನು ಬೇಕಾಗುವುದು ಇಲ್ಲಿಯೇ. 2015ರ ಬಾಲನ್ಯಾಯ ಕಾಯಿದೆಯ 44ನೆಯ ಸೆಕ್ಷನ್ ಈ ಆರೈಕೆಯ ಬಗ್ಗೆ ಇದೆ. ಮಗುವನ್ನು ಯಾರೋ ಯಾರಿಗೋ ಒಪ್ಪಿಸುವಂತಿಲ್ಲ; ಅಧ್ಯಕ್ಷರೂ ನಾಲ್ವರು ಸದಸ್ಯರೂ ಇರುವ ಮಕ್ಕಳ ಕಲ್ಯಾಣ ಸಮಿತಿ ಆದೇಶ ಕೊಡಬೇಕು. ಊಟ, ಓದು, ಆರೋಗ್ಯದ ಹೊಣೆ ಆ ಕುಟುಂಬದ್ದು. ಸಮಿತಿ ಪ್ರತಿ ತಿಂಗಳೂ ಆ ಮನೆಯನ್ನು ಪರಿಶೀಲಿಸಬೇಕು. ಅಜ್ಜ ನಿಂತಿದ್ದ ಮನೆಗೆ ತಿಂಗಳಿಗೊಮ್ಮೆ ಯಾರಾದರೂ ಬಂದಿದ್ದರೆ ಹಟ್ಟಿಯ ಗೊಬ್ಬರದ ಕಥೆ ಹೊರಬರುತ್ತಿತ್ತೋ ಏನೋ. ಕೇಂದ್ರ ಸರಕಾರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಒಂದು ಮಗುವಿಗೆ ತಿಂಗಳಿಗೆ 4000 ರೂಪಾಯಿ ನೆರವು ಇದೆ. ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿಯಾಗಬೇಕು ಎಂದೂ ಕಾಯಿದೆಯೇ ಹೇಳುತ್ತದೆ.

ದತ್ತಕಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನು ಜನರಿಗೆ ತಿಳಿಸುವುದೇ ವಿದ್ಯಾರ್ಥಿಗಳಿಗೆ ಹೆಚ್ಚು ಕಷ್ಟವಾಯಿತು. ದತ್ತಕದಲ್ಲಿ ಮಗು ಆ ಮನೆಯದೇ ಆಗಿಬಿಡುತ್ತದೆ. ಇಲ್ಲಿ ಹೆತ್ತವಳು ಎಲ್ಲೋ ಇದ್ದಾಳೆ. ಆಸ್ಪತ್ರೆಯಲ್ಲಿರಬಹುದು, ಜೈಲಿನಲ್ಲಿರಬಹುದು, ದುಡಿಮೆಯಿಲ್ಲದೆ ಕಂಗೆಟ್ಟಿರಬಹುದು. ಸಮಿತಿ ಬೇಡವೆನ್ನದಿದ್ದರೆ ಅವಳು ಬಂದು ಮಗುವನ್ನು ನೋಡಬಹುದು. ನಾಳೆ ಕರೆದುಕೊಂಡೂ ಹೋಗಬಹುದು. "ಅಷ್ಟು ಸಾಕಿ ಸಲಹಿ ಕೊನೆಗೆ ಕೊಟ್ಟುಬಿಡುವುದೇ?" ಎಂದು ಒಬ್ಬರಲ್ಲ, ಕೇಳಿದವರೆಲ್ಲ ಎಂದರು. ಶೇಕಡಾವಾರು ಹೇಳಲು ನಾನು ಹೋಗುವುದಿಲ್ಲ. ಐದು ಮಂದಿ ವಿದ್ಯಾರ್ಥಿಗಳು ರಜೆಯಲ್ಲಿ ನೆಂಟರ ಊರುಗಳಲ್ಲಿ ಮಾತಾಡಿಸಿದ್ದನ್ನು ಸಮೀಕ್ಷೆ ಎನ್ನಬಾರದು.

ಮೊದಲು ಅವರು ಅನಾಥಾಲಯಗಳಿಗೆ ಹೋಗಿ ಮಕ್ಕಳನ್ನೇ ಮಾತಾಡಿಸುವ ಯೋಚನೆಯಲ್ಲಿದ್ದರು. ನಾನು ಬಿಡಲಿಲ್ಲ. ಇಂಥ ಮಗುವಿನ ಹೆಸರು, ವಿಳಾಸ, ಶಾಲೆ ಯಾವುದನ್ನೂ ಪ್ರಕಟಿಸಬಾರದೆಂದು 74ನೆಯ ಸೆಕ್ಷನ್ ಹೇಳುತ್ತದೆ. ತಪ್ಪಿದರೆ ಆರು ತಿಂಗಳವರೆಗೆ ಸೆರೆ ಅಥವಾ ಎರಡು ಲಕ್ಷದವರೆಗೆ ದಂಡ, ಎರಡೂ ಆಗಬಹುದು. ದಂಡದ ಮಾತು ಹಾಗಿರಲಿ, ನಮ್ಮ ಅಂಕಪಟ್ಟಿಗಾಗಿ ಒಂದು ಮಗು ತನ್ನ ಮನೆ ಮುರಿದ ಕಥೆಯನ್ನು ಇನ್ನೊಮ್ಮೆ ಯಾಕೆ ಹೇಳಬೇಕು?

ಆ ಸೆಕ್ಷನ್ 44ರಲ್ಲಿ ಒಂದು ವಾಕ್ಯವಿದೆ. ಕುಟುಂಬವನ್ನು ಆರಿಸುವಾಗ ಅದರ ಸಾಮರ್ಥ್ಯ, ಉದ್ದೇಶ, ಶಕ್ತಿ, ಮಕ್ಕಳನ್ನು ನೋಡಿಕೊಂಡ ಹಿಂದಿನ ಅನುಭವ, ಇಷ್ಟನ್ನು ಗಮನಿಸಬೇಕು ಎಂದು. ಭಾಷೆ ಎಂಬ ಪದ ಆ ವಾಕ್ಯದಲ್ಲಿ ಇಲ್ಲ. ಬೇರೆ ಜಿಲ್ಲೆಯವರ ಕಣ್ಣಿಗೆ ಇದು ಬೀಳದೇ ಇರಬಹುದು. ಕಾಸರಗೋಡಿನವರಿಗೆ ಹಾಗಲ್ಲ. ಏಳು ಭಾಷೆಗಳ ಊರು ಎಂದು ಸಭೆಗಳಲ್ಲಿ ನಾವು ಎದೆ ಉಬ್ಬಿಸಿ ಹೇಳುತ್ತೇವಲ್ಲ, ಏಳರಲ್ಲಿ ಯಾವ ಭಾಷೆಯಲ್ಲಿ ಆ ಮಗು ಅಳುತ್ತದೆ ಎಂದು ಯಾರಾದರೂ ಕೇಳಬೇಡವೇ? ಎಣ್ಮಕಜೆಯ ಕನ್ನಡ ಶಾಲೆಯಲ್ಲಿ ನಾಲ್ಕನೆಯ ತರಗತಿ ಓದುತ್ತಿದ್ದ, ಮನೆಯಲ್ಲಿ ತುಳು ಮಾತಾಡುತ್ತಿದ್ದ ಮಗುವಿಗೆ ಚಂದ್ರಗಿರಿ ಹೊಳೆಯ ಆಚೆ, ಮಲಯಾಳ ಮಾತಾಡುವ ನೀಲೇಶ್ವರದ ಕಡೆ ಒಳ್ಳೆಯದೇ ಮನೆ ಸಿಕ್ಕಿತು ಎಂದಿಟ್ಟುಕೊಳ್ಳಿ. ಅಮ್ಮ ಹೋದಳು, ಊರು ಹೋಯಿತು, ಪಾಠಪುಸ್ತಕದ ಲಿಪಿಯೂ ಹೋಯಿತು. ಅದೇ ಮಗುವಿಗೆ ಕರ್ನಾಟಕದ ಪುತ್ತೂರಿನಲ್ಲಿ ಚಿಕ್ಕಮ್ಮ ಇದ್ದರೆ? ಸುಮಾರು ಒಂದು ಗಂಟೆಯ ದಾರಿ, ಆದರೆ ನಡುವೆ ರಾಜ್ಯದ ಗಡಿ. ಬಸ್ಸು ದಾಟುವಷ್ಟು ಸುಲಭವಾಗಿ ಕಡತ ಗಡಿ ದಾಟುವುದಿಲ್ಲ.

ಹಾಗಾಗಿ ವಿದ್ಯಾರ್ಥಿಗಳು ತಮ್ಮ ವರದಿಯಲ್ಲಿ ಮೊಬೈಲ್ ಆ್ಯಪಿನ ಯೋಜನೆಯನ್ನು ಕೈಬಿಟ್ಟು (ನನಗೆ ಸಮಾಧಾನವಾಯಿತು), ಆಸಕ್ತ ಕುಟುಂಬಗಳಿಗೆ ಕನ್ನಡದಲ್ಲಿ ಒಂದು ಪ್ರಶ್ನಾವಳಿ ತಯಾರಿಸಿದರು. ಸರಕಾರಿ ನಮೂನೆಯಲ್ಲ, ಅದರ ಜೊತೆ ಇಡಬಹುದಾದದ್ದು. ಮನೆಯಲ್ಲಿ ಯಾವ ಭಾಷೆ, ಹತ್ತಿರದ ಶಾಲೆಯ ಮಾಧ್ಯಮ ಯಾವುದು, ಮಗುವಿನ ತಾಯಿ ಬಂದರೆ ಎಲ್ಲಿ ಕೂರಿಸುತ್ತೀರಿ ಎಂಬಂಥ ಪ್ರಶ್ನೆಗಳು.

ಅದನ್ನು ಪರೀಕ್ಷಿಸಲು ಬದಿಯಡ್ಕದ ಹತ್ತಿರದ ಒಂದು ಮನೆಗೆ ಹೋದಾಗ ನಾನೂ ಜೊತೆಗಿದ್ದೆ. ಐವತ್ತೆರಡು ವರ್ಷದ ಮಹಿಳೆ, ಗಂಡ ತೀರಿಕೊಂಡು ವರ್ಷಗಳಾಗಿವೆ, ಮಕ್ಕಳಿಲ್ಲ. ಹೊಲಿಗೆ ಅವರ ಜೀವನ. ಮೇ ತಿಂಗಳ ಕೊನೆ. ಜಗಲಿಯಲ್ಲಿ ನೀಲಿ ಸಮವಸ್ತ್ರದ ರಾಶಿ. ಒಂಟಿ ಹೆಂಗಸಿಗೆ ಯಾರು ಮಗು ಕೊಡುತ್ತಾರೆ ಎಂದು ಅವರು ನಕ್ಕರು. ಕೇಂದ್ರ ಸರಕಾರದ 2024ರ ಪೋಷಕ ಆರೈಕೆ ಮಾರ್ಗಸೂಚಿಯಂತೆ 35ರಿಂದ 60ರ ನಡುವಿನ ಅವಿವಾಹಿತರು, ವಿಧವೆಯರು, ವಿಚ್ಛೇದಿತರೂ ಅರ್ಜಿ ಹಾಕಬಹುದು, ಒಂಟಿ ಗಂಡಸಿಗೆ ಮಾತ್ರ ಹೆಣ್ಣುಮಗುವನ್ನು ಕೊಡುವುದಿಲ್ಲ ಎಂದು ಪೆರ್ಲದ ಹುಡುಗಿ ವಿವರಿಸಿದಳು. ಅವರು ಕೇಳುತ್ತಲೇ ಒಂದು ಪುಟ್ಟ ಲಂಗದ ಅಂಚನ್ನು ಎರಡು ಬೆರಳಿನಷ್ಟು ಒಳಕ್ಕೆ ಮಡಚಿ, ಸಡಿಲವಾಗಿ ಹೊಲಿಗೆ ಹಾಕುತ್ತಿದ್ದರು. ಮುಂದಿನ ವರ್ಷ ಮಗು ಎತ್ತರವಾದರೆ ಬಿಚ್ಚಿ ಇಳಿಸಲಿಕ್ಕೆ.

ಯಂತ್ರ ನಿಂತಿತು. "ಎಲ್ಲ ಸರಿ ಮಕ್ಕಳೇ. ಆ ಮಗು ನನ್ನನ್ನು ಏನೆಂದು ಕರೆಯಬೇಕು?"

ನಮ್ಮ ಹಾಳೆಯಲ್ಲಿ ಆ ಪ್ರಶ್ನೆ ಇರಲಿಲ್ಲ. ಅಮ್ಮ ಎನ್ನಲಿ ಎಂದ ಉಪ್ಪಳದ ಹುಡುಗ. "ಅದರ ಅಮ್ಮ ಬಂದ ದಿನ ಇಬ್ಬರೂ ಜಗಲಿಯಲ್ಲಿ ಇರುತ್ತೇವಲ್ಲ? ಆಗ ಅಮ್ಮ ಎಂದು ಕೂಗಿದರೆ ಯಾರು ತಿರುಗಿ ನೋಡುವುದು?" ಎಂದರು ಅವರು. ಟೀಚರ್, ಮಾಮಿ, ಅಕ್ಕ ಎಂದೆಲ್ಲ ನಾವು ಹೇಳಿದೆವು. ಅವರಿಗೆ ಯಾವುದೂ ಹಿಡಿಸಲಿಲ್ಲ.

ಆ ಸಂಜೆಯೇ ಪ್ರಶ್ನಾವಳಿಗೆ ಹದಿನೈದನೆಯದಾಗಿ ಅವರ ಪ್ರಶ್ನೆ ಸೇರಿತು. ವಾರದ ನಂತರ ಅವರು ಹಾಳೆಯನ್ನು ತುಂಬಿ ಕಳುಹಿಸಿದರು. ನಿಜವಾದ ಅರ್ಜಿಯನ್ನೂ ಹಾಕುತ್ತೇನೆ, ಬರೆದುಕೊಡಲು ಹುಡುಗಿಯನ್ನು ಕಳುಹಿಸಿ ಎಂಬ ಚೀಟಿ ಜೊತೆಗಿತ್ತು. ಹದಿನಾಲ್ಕು ಉತ್ತರಗಳು ನೀಲಿ ಪೆನ್ನಿನಲ್ಲಿ, ದುಂಡಗಿನ ಅಕ್ಷರದಲ್ಲಿವೆ. ಹದಿನೈದನೆಯದಕ್ಕೆ 'ದೊಡ್ಡಮ್ಮ' ಎಂದಿದೆ. ಅದೊಂದನ್ನು ಮಾತ್ರ ಪೆನ್ಸಿಲಿನಲ್ಲಿ ಬರೆದಿದ್ದಾರೆ.

ನಮಸ್ಕಾರ.