ಚೈನ್ ಸಾಗೆ ಯಾವ ಟೂಟಿ ಆಯಿಲ್?

ನಮಸ್ಕಾರ. ಇದು ಸುಂಟಿಕೊಪ್ಪದಿಂದ ಮಾದಾಪುರಕ್ಕೆ ಹೋಗೋ ರಸ್ತೆ. ಕಾಫಿಗೆ ಹೂಮಳೆ ಬಂದು ಹೋಗಿದೆ. ಇನ್ನು ಜೂನ್ ಮಳೆ ಹಿಡಿಯೋದರೊಳಗೆ ಮರ ಕಪಾತು, ಅಂದರೆ ನೆರಳು ಮರದ ಕೊಂಬೆ ಕೊಯ್ಯೋ ಕೆಲಸ, ಮುಗಿಸಬೇಕು ಅಂತ ಎಲ್ಲ ತೋಟದಲ್ಲೂ ಓಡಾಟ. ಎಲ್ಲಿ ಗಾಡಿ ನಿಲ್ಲಿಸಿದರೂ ಚೈನ್ ಸಾ ಸದ್ದು. ಇವತ್ತಿನ ವಿಡಿಯೊ ಆ ಮೆಷಿನ್‌ನ ಪೆಟ್ರೋಲಿಗೆ ಬೆರೆಸೋ ಟೂಟಿ (2T), ಅಂದರೆ ಟೂ ಸ್ಟ್ರೋಕ್ ಎಂಜಿನ್ನಿನ ಎಣ್ಣೆಯ ಬಗ್ಗೆ.

ಅಂಗಡಿಗೆ ಹೋಗಿ "ಒಂದು ಟೂಟಿ ಆಯಿಲ್ ಕೊಡಿ" ಅಂದರೆ ಯಾವುದೋ ಒಂದು ಬಾಟಲಿ ಕೈಗೆ ಬರುತ್ತೆ. ಕೆಂಪೋ, ನೀಲಿಯೋ, ಹಸಿರೋ. ದಯವಿಟ್ಟು ದುಡ್ಡು ಕೊಡೋ ಮೊದಲು ಬಾಟಲಿ ತಿರುಗಿಸಿ, ಹಿಂದಿರೋ ಸಣ್ಣ ಅಕ್ಷರ ಓದಿ. ಟೂಟಿ ಅಂತ ಬರೆದಿರೋದೆಲ್ಲ ಚೈನ್ ಸಾಗೆ ಆಗಲ್ಲ.

ಈಗ ಕಾಣ್ತಿರೋದು ಮೆಕ್ಯಾನಿಕ್ ಅಣ್ಣ ಬಿಚ್ಚಿಟ್ಟಿರೋ ಒಂದು ಪಿಸ್ಟನ್. ಈ ಮಗ್ಗುಲು ನುಣ್ಣಗಿದೆ. ತಿರುಗಿಸ್ತೀನಿ, ನೋಡಿ. ಹೊಗೆ ಹೊರಗೆ ಹೋಗೋ ಕಡೆ ಮೇಲಿಂದ ಕೆಳಗಿನವರೆಗೂ ಗೀರು ಬಿದ್ದಿದೆ, ಉಗುರು ಸಿಕ್ಕಿಕೊಳ್ಳುವಷ್ಟು ಆಳ. ರಿಂಗ್ ಅಲ್ಲಾಡ್ತಾನೇ ಇಲ್ಲ, ಕರಿ ಕಟ್ಟಿ ಅಲ್ಲೇ ಕಚ್ಚಿಕೊಂಡಿದೆ.

"ಎಣ್ಣೆ ಹಾಕಿರಲಿಲ್ವಾ ಅಣ್ಣ?" ಅಂತ ಕೇಳಿದೆ.

"ಹಾಕಿದ್ರು. ಯಾವ ಎಣ್ಣೆ, ಎಷ್ಟು ಹಾಕಿದ್ರು ಅಂತ ಕೇಳಿದರೆ ಉತ್ತರ ಇಲ್ಲ. ಒಬ್ಬರು ಮುಚ್ಚಳದಲ್ಲಿ ಅಳೀತಾರೆ, ಇನ್ನೊಬ್ಬರು ಪೆಟ್ರೋಲ್ ಬಣ್ಣ ತಿರುಗೋವರೆಗೆ ಸುರೀತಾರೆ" ಅಂದ್ರು.

ಆ ಬಣ್ಣ ಸೇರಿಸೋದು ಬೆರೆಸಿದ ಪೆಟ್ರೋಲ್ ಯಾವುದು, ಬರೀ ಪೆಟ್ರೋಲ್ ಯಾವುದು ಅಂತ ಕಣ್ಣಿಗೆ ಗೊತ್ತಾಗಲಿ ಅಂತ. ಎಣ್ಣೆಯ ಗುಣಕ್ಕೂ ಅದಕ್ಕೂ ಸಂಬಂಧ ಇಲ್ಲ.

ಕಾರಿಗೆ, ಈಗಿನ ಬೈಕಿಗೆ ಎಂಜಿನ್ ಕೆಳಗೆ ಎಣ್ಣೆ ನಿಲ್ಲೋಕೆ ಜಾಗ ಇದೆ. ಚೈನ್ ಸಾಗೆ ಇಲ್ಲ. ಪೆಟ್ರೋಲ್ ಜೊತೆ ಬಂದ ಎಣ್ಣೆಯೇ ಬೇರಿಂಗ್, ಪಿಸ್ಟನ್, ಸಿಲಿಂಡರ್ ಎಲ್ಲ ಕಾಪಾಡಿ, ಕೊನೆಗೆ ತಾನೂ ಉರಿದು ಸೈಲೆನ್ಸರ್‌ನಿಂದ ಆಚೆ ಹೋಗಬೇಕು. ಮೈಸೂರಿನ ಯೆಜ್ಡಿ ಓಡಿಸಿದ ಹಿರಿಯರಿಗೆ ಇದು ಗೊತ್ತು, ಬಂಕಲ್ಲೇ ಎಣ್ಣೆ ಸೇರಿಸಿಕೊಂಡು ಬರ್ತಿದ್ರು. ಆದರೆ ಚೈನ್ ಸಾ ನಿಮಿಷಕ್ಕೆ 12,000 ಸುತ್ತು ದಾಟುತ್ತೆ, ಆ ಬೈಕು ಅದರ ಹತ್ತಿರಕ್ಕೂ ಬರ್ತಿರಲಿಲ್ಲ. ಮೇಲಾಗಿ ಇದು ತಂಪಾಗೋದು ಫ್ಯಾನ್ ಗಾಳಿಯಿಂದ ಮಾತ್ರ. ಮರದ ಪುಡಿ ಕಟ್ಟಿಕೊಂಡರೆ ಆ ಗಾಳಿಯೂ ಸರಿಯಾಗಿ ಸಿಗಲ್ಲ.

ಈಗ ಬಾಟಲಿ ಹಿಂಭಾಗ. ಇಲ್ಲಿ 'ಜಾಸೋ' ಅಂತಿದೆಯಲ್ಲ, ಅದು ಜಪಾನಿನ ಗುಣಮಟ್ಟದ ಗುರುತು. ಎಫ್‌ಬಿ, ಎಫ್‌ಸಿ, ಎಫ್‌ಡಿ ಅಂತ ದರ್ಜೆಗಳಿವೆ. ಎಫ್‌ಬಿಗಿಂತ ಎಫ್‌ಸಿಯಲ್ಲಿ ಹೊಗೆ ಕಮ್ಮಿ, ಸೈಲೆನ್ಸರ್ ಕಟ್ಟೋದೂ ಕಮ್ಮಿ. ಎಫ್‌ಡಿ ಅಂದರೆ ಅದರ ಜೊತೆಗೆ ಪಿಸ್ಟನ್ನನ್ನ ಇನ್ನೂ ಚೊಕ್ಕಟವಾಗಿಡೋ ಶಕ್ತಿ. ಕೆಲವು ಬಾಟಲಿಯಲ್ಲಿ ಇದರ ಬದಲು ಐಎಸ್‌ಒ ಇಜಿಸಿ, ಇಜಿಡಿ ಅಂತಿರುತ್ತೆ, ಅದೂ ಆಗುತ್ತೆ. ದಿನವಿಡೀ ಮೆಷಿನ್ ಓಡಿಸೋರಿಗೆ ನಾನು ಎಫ್‌ಡಿ ಅಥವಾ ಇಜಿಡಿಯನ್ನೇ ಹೇಳೋದು. ಸಿಲ್ವರ್ ಓಕ್ ಮೇಲೆ ಏಣಿ ಹಾಕಿ, ಮೆಣಸಿನ ಬಳ್ಳಿ ಹಾಳಾಗದ ಹಾಗೆ ಕೊಂಬೆ ಕೊಯ್ಯೋರನ್ನ ನೋಡಿ. ಸೈಲೆನ್ಸರ್ ಅವರ ಮುಖದ ಹತ್ತಿರವೇ ಇರುತ್ತೆ. ಆ ಹೊಗೆ ಕುಡಿಯೋರು ಅವರು, ಎಣ್ಣೆ ಆರಿಸೋರು ಬೇರೆ. ತೋಟದ ಯಜಮಾನರು ಇದನ್ನ ಯೋಚನೆ ಮಾಡಲೇಬೇಕು.

ಇನ್ನೊಂದು ಗುರುತು 'ಟಿಸಿ-ಡಬ್ಲ್ಯು3'. ಅದು ನೀರಿನಿಂದ ತಂಪಾಗೋ ಬೋಟ್ ಎಂಜಿನ್ನಿನ ಎಣ್ಣೆ. ಬೋಟಿಗೆ ಒಳ್ಳೆಯದೇ, ಆದರೆ ಚೈನ್ ಸಾ ಬಿಸಿಗೆ ಮಾಡಿದ್ದಲ್ಲ. ಬರೀ 'ಎಪಿಐ ಟಿಸಿ' ಅಂತಿದ್ದರೆ ಅದು ಬೇರೆ, ಗಾಳಿಯಿಂದ ತಂಪಾಗೋ ಎಂಜಿನ್ನಿಗೂ ಆಗುತ್ತೆ. ಎರಡನ್ನೂ ಒಂದೇ ಅಂದುಕೊಳ್ಳೋರು ತುಂಬಾ ಜನ. ಬೈಕಿನ ಫೋರ್ ಸ್ಟ್ರೋಕ್ ಆಯಿಲ್ ಅಂತೂ ಬೇಡವೇ ಬೇಡ, ಅದು ಉರಿದು ಹೋಗೋಕೆ ಮಾಡಿದ ಎಣ್ಣೆಯೇ ಅಲ್ಲ.

ಅಳತೆಗೆ ಬರೋಣ. 50:1 ಅಂದರೆ ಒಂದು ಲೀಟರ್ ಪೆಟ್ರೋಲಿಗೆ 20 ಎಂಎಲ್. 25:1 ಅಂದರೆ 40 ಎಂಎಲ್. ಯಾವುದು ಅಂತ ನಿಮ್ಮ ಮೆಷಿನ್ ಜೊತೆ ಬಂದ ಪುಸ್ತಕದಲ್ಲೇ ಇರುತ್ತೆ. ಸ್ಟಿಲ್ ಕಂಪನಿಯ ಹಲವು ಪುಸ್ತಕಗಳಲ್ಲಿ ಅವರ ಎಣ್ಣೆಗೆ 50:1, ಬೇರೆ ಕಂಪನಿಯ ಟಿಸಿ ದರ್ಜೆ ಎಣ್ಣೆಗೆ 25:1 ಅಂತಿದೆ. ಹುಸ್ಕ್‌ವಾರ್ನಾ ಕಂಪನಿಯ ಹಲವು ಪುಸ್ತಕಗಳಲ್ಲಿ ಅವರ ಎಣ್ಣೆಗೆ 50:1, ಬೇರೆ ಎಣ್ಣೆಗೆ 33:1. ಮೆಡಿಕಲ್ ಶಾಪಿನಿಂದ 10 ಎಂಎಲ್ ಸಿರಿಂಜ್ ತಗೊಳ್ಳಿ, ಸೂಜಿ ಬೇಡ. ಎರಡು ಸಲ ಎಳೆದರೆ 20 ಎಂಎಲ್ ಆಯ್ತು. ಕ್ಯಾನಿಗೆ ಮೊದಲು ಅರ್ಧ ಪೆಟ್ರೋಲ್, ಆಮೇಲೆ ಎಣ್ಣೆ, ಕುಲುಕಿ, ಉಳಿದ ಪೆಟ್ರೋಲ್ ಹಾಕಿ ಮತ್ತೆ ಕುಲುಕಿ. ಮುಚ್ಚಳದ ಲೆಕ್ಕ ಬಿಟ್ಟುಬಿಡಿ. ಒಂದೊಂದು ಬಾಟಲಿ ಮುಚ್ಚಳ ಒಂದೊಂದು ಅಳತೆ.

"ಸ್ವಲ್ಪ ಜಾಸ್ತಿ ಬಿದ್ದರೆ ಎಂಜಿನ್ನಿಗೆ ಒಳ್ಳೆಯದಲ್ವಾ?" ಅಂತಾರೆ. ಅಲ್ಲ. ಉರಿಯದೆ ಉಳಿದ ಎಣ್ಣೆ ಪ್ಲಗ್ ಮೇಲೆ, ಸೈಲೆನ್ಸರ್ ಜಾಲರಿಯಲ್ಲಿ ಕರಿ ಕಟ್ಟುತ್ತೆ, ಮೆಷಿನ್ ದಮ್ಮು ಕಳ್ಕೊಳ್ಳುತ್ತೆ. ಪ್ಲಗ್ ಬಿಚ್ಚಿ ನೋಡಿ: ತಿಳಿ ಕಂದು ಬಣ್ಣ ಇದ್ದರೆ ಸರಿ. ಕಪ್ಪಗೆ ಒದ್ದೆ ಇದ್ದರೆ ಎಣ್ಣೆ ಜಾಸ್ತಿಯೋ ಏರ್ ಫಿಲ್ಟರ್ ಕಟ್ಟಿದೆಯೋ ನೋಡಬೇಕು. ಬೆಳ್ಳಗಿದ್ದರೆ ಎಂಜಿನ್ ಅತಿಯಾಗಿ ಕಾದಿದೆ, ಮೆಷಿನ್ ನಿಲ್ಲಿಸಿ ಮೆಕ್ಯಾನಿಕ್ ಹತ್ತಿರ ಹೋಗಿ. ಕಾರ್ಬೊರೇಟರ್ ಸೆಟ್ಟಿಂಗ್ ತಪ್ಪಿದ್ದರೆ ಎಷ್ಟು ಒಳ್ಳೆ ಎಣ್ಣೆ ಹಾಕಿದರೂ ಪಿಸ್ಟನ್ ಉಳಿಯಲ್ಲ.

ನಮ್ಮ ಕೊಡಗಿನಲ್ಲಿ ಇನ್ನೊಂದು ತೊಂದರೆ ಇದೆ, ತೇವ. ಈಗ ಬಂಕಲ್ಲಿ ಸಿಗೋ ಪೆಟ್ರೋಲಿನಲ್ಲಿ 20 ಪರ್ಸೆಂಟ್‌ವರೆಗೆ ಎಥನಾಲ್ ಇರುತ್ತೆ. ಎಥನಾಲ್ ಗಾಳಿಯಲ್ಲಿರೋ ನೀರನ್ನ ಎಳೆದುಕೊಳ್ಳುತ್ತೆ. ಏಪ್ರಿಲಿನಲ್ಲಿ ಬೆರೆಸಿಟ್ಟ ಕ್ಯಾನು, ಮುಚ್ಚಳ ಸಡಿಲ, ಜುಲೈವರೆಗೂ ಶೆಡ್ಡಿನಲ್ಲಿ ಕೂತಿದೆ ಅಂದುಕೊಳ್ಳಿ. ನೀರು ಹೆಚ್ಚಾದರೆ ಎಥನಾಲೂ ನೀರೂ ಸೇರಿ ತಳಕ್ಕೆ ಇಳಿಯುತ್ತೆ, ಎಣ್ಣೆ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತೆ. ಚೈನ್ ಸಾ ಟ್ಯಾಂಕ್ ಒಳಗೆ ಪೆಟ್ರೋಲ್ ಎಳೆಯೋ ಫಿಲ್ಟರ್ ಎಲ್ಲಿರುತ್ತೆ? ತಳದಲ್ಲಿ. ಅಂದರೆ ಎಂಜಿನ್ನಿಗೆ ಮೊದಲು ಹೋಗೋದೇ ಎಣ್ಣೆ ಇಲ್ಲದ ಆ ನೀರು. ರಾತ್ರಿ ಗಾಳಿಗೆ ರಸ್ತೆಗೆ ಮರ ಬಿದ್ದು, ಕರೆಂಟ್ ಹೋಗಿ, ಆಸ್ಪತ್ರೆಗೆ ಹೋಗೋ ಗಾಡಿ ಆ ಕಡೆ ನಿಂತಿರುವಾಗ ಮೆಷಿನ್ ಸ್ಟಾರ್ಟ್ ಆಗಲಿಲ್ಲ ಅಂದರೆ ಏನು ಮಾಡ್ತೀರಿ?

ಹಾಗಾಗಿ ಮಳೆಗಾಲದಲ್ಲಿ ಒಂದೊಂದೇ ಲೀಟರ್ ಬೆರೆಸಿ. ಕ್ಯಾನ್ ಮೇಲೆ ತಾರೀಕು ಬರೆದು, ಮುಚ್ಚಳ ಬಿಗಿ ಮಾಡಿ, ತಿಂಗಳೊಳಗೆ ಖರ್ಚು ಮಾಡಿ. ಪ್ರತಿ ಸಲ ಟ್ಯಾಂಕಿಗೆ ಹಾಕೋ ಮುಂಚೆ ಕುಲುಕಿ. ಬೇರೆ ಮೆಷಿನ್ ಇರೋರು ಕಳೆ ಹೊಡೆಯೋ ಮೆಷಿನ್ ಕ್ಯಾನಿಗೂ ಇದಕ್ಕೂ ಅದಲುಬದಲು ಆಗದ ಹಾಗೆ ಹೆಸರು ಬರೆದಿಡಿ, ಅದು ಫೋರ್ ಸ್ಟ್ರೋಕ್ ಇರಬಹುದು.

ಚೈನ್‌ಗೆ ಬಿಡೋ ಎಣ್ಣೆಯ ಟ್ಯಾಂಕ್ ಬೇರೆ, ಎಣ್ಣೆಯೂ ಬೇರೆ, ಅಂಟು ಇರೋ ಬಾರ್ ಆಯಿಲ್ ಬೇಕು. ಇನ್ನು ಮಳೆ ಮುಗಿದು ಮೆಷಿನ್ ಎತ್ತಿಡುವಾಗ ಪೆಟ್ರೋಲ್ ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಸ್ಟಾರ್ಟ್ ಮಾಡಿ, ಕಾರ್ಬೊರೇಟರಿನಲ್ಲಿ ಉಳಿದಿದ್ದೂ ಮುಗಿದು ತಾನಾಗೇ ಆಫ್ ಆಗೋವರೆಗೆ ಬಿಡಿ. ಇಲ್ಲದಿದ್ದರೆ ಒಳಗಿನ ರಬ್ಬರ್ ಡಯಾಫ್ರಮ್ ಗಟ್ಟಿಯಾಗಿ, ಮುಂದಿನ ಕಪಾತಿಗೆ ಕಾರ್ಬೊರೇಟರ್ ಬಿಚ್ಚಬೇಕಾಗುತ್ತೆ.