ಮಿದುಳಿನ ಗೆಡ್ಡೆಗೆ ‘ಬೆಳೆ’ ಎಂದು ಹೇಳುವ ಪ್ರೊಟೀನು

ಕೇಳುಗರಿಗೆ ನಮಸ್ಕಾರ.

ಕುಂಬಳೆ, ಉಪ್ಪಳ, ಬದಿಯಡ್ಕದ ಕಡೆಯಿಂದ ಮಂಗಳೂರಿಗೆ ಹೋಗಿ ತಲೆಯ ಆಪರೇಷನ್ ಮಾಡಿಸಿಕೊಂಡು ಬಂದವರ ಮನೆಯವರು ನನ್ನಲ್ಲಿ ಕೇಳುವುದು ಹೆಚ್ಚಾಗಿ ಒಂದೇ ಪ್ರಶ್ನೆ. "ಡಾಕ್ಟ್ರೇ, ಗೆಡ್ಡೆ ಪೂರಾ ತೆಗೆದಿದ್ದೇವೆ ಅಂದಿದ್ದರು. ಪುನಃ ಬಂತಲ್ಲ, ಹೇಗೆ?"

ಅದು ಆಪರೇಷನ್ ಮಾಡಿದವರ ಕೈತಪ್ಪಲ್ಲ. ಗ್ಲಯೋಬ್ಲಾಸ್ಟೋಮಾ ಎಂಬ ಈ ಮಿದುಳಿನ ಕ್ಯಾನ್ಸರ್ ಗೆಡ್ಡೆಗೆ ಸ್ಪಷ್ಟವಾದ ಅಂಚಿಲ್ಲ. ಸ್ಕ್ಯಾನಿನಲ್ಲಿ ಕಾಣುವ ಭಾಗವನ್ನೆಲ್ಲ ತೆಗೆದರೂ ಒಂಟೊಂಟಿ ಕೋಶಗಳು ನರತಂತುಗಳ ಗುಂಟ, ರಕ್ತನಾಳಗಳ ಹೊರಮೈ ಹಿಡಿದು ಆಗಲೇ ದೂರ ಸರಿದಿರುತ್ತವೆ. ಅಲ್ಲಿಗೂ ಕತ್ತಿ ಹಾಕಿದರೆ ರೋಗಿಯ ಮಾತು, ಕೈಕಾಲಿನ ಬಲ ಜೊತೆಗೇ ಹೋದೀತು.

ಹಾಗೆ ಸರಿದ ಕೋಶಕ್ಕೆ ಬೆಳೆಯಲು ಹೇಳುವವರು ಯಾರು? ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮಿಶೆಲ್ ಮಾಂಜೆ ಮತ್ತು ಸಂಗಡಿಗರು 2015ರಲ್ಲಿ ನ್ಯೂರೋಲಿಗಿನ್-3 ಎಂಬ ಪ್ರೊಟೀನನ್ನು ತೋರಿಸಿದರು. ಇದು ನಮ್ಮೆಲ್ಲರ ತಲೆಯಲ್ಲೂ ಇದೆ. ನರಕೋಶಗಳು ಸಂದೇಶ ದಾಟಿಸುವ ಸಂಧಿಯನ್ನು ಗಟ್ಟಿಯಾಗಿಡುವುದು ಇದರ ಕೆಲಸ. ನರಕೋಶ ಚುರುಕಾದಾಗ ಅಡಮ್-10 ಎಂಬ ಕಿಣ್ವ ಇದರ ಹೊರತುದಿಯನ್ನು ಕತ್ತರಿಸುತ್ತದೆ. ಆ ತುಂಡು ಪಕ್ಕದ ಗೆಡ್ಡೆಕೋಶಕ್ಕೆ ತಗಲಿದರೆ ಸಾಕು, ಕೋಶ ಒಡೆದು ಎರಡಾಗಲು ತೊಡಗುತ್ತದೆ. ಅಷ್ಟೇ ಅಲ್ಲ, ತಾನೂ ನ್ಯೂರೋಲಿಗಿನ್-3 ತಯಾರಿಸುತ್ತದೆ. ಇದನ್ನು ಓದಿದಾಗ ನನಗೆ ನಿಜಕ್ಕೂ ದಿಗಿಲಾಯಿತು.

2017ರಲ್ಲಿ ಇದೇ ತಂಡ ಈ ಪ್ರೊಟೀನಿಲ್ಲದ ಇಲಿಗಳ ಮಿದುಳಿನಲ್ಲಿ ಮನುಷ್ಯರ ಗೆಡ್ಡೆಕೋಶಗಳನ್ನಿಟ್ಟು ನೋಡಿತು. ತಿಂಗಳುಗಟ್ಟಲೆ ಅವು ಬೆಳೆಯದೆ ನಿಂತವು. ಕೆಲವು ಕೊನೆಗೆ ಬೇರೆ ದಾರಿ ಹುಡುಕಿಕೊಂಡವು ಎಂಬುದೂ ನಿಜ.

ಇಷ್ಟು ಕೇಳಿ, ರೋಗಿ ತಲೆಗೆ ಕೆಲಸ ಕೊಡಬಾರದೆಂದು ದಯವಿಟ್ಟು ತಿಳಿಯಬೇಡಿ. ಪೆರ್ಲದ ಹತ್ತಿರ ನಿವೃತ್ತ ಮಾಸ್ಟ್ರೊಬ್ಬರ ಪೇಪರನ್ನೂ ಕನ್ನಡಕವನ್ನೂ ಮನೆಯವರು ಕಪಾಟಿನ ಮೇಲೆ ತೆಗೆದಿಟ್ಟಿದ್ದರು. ಅವರ ಕಣ್ಣು ಅಲ್ಲೇ ಇತ್ತು. ಮಿದುಳು ನಿದ್ದೆಯಲ್ಲೂ ಕೆಲಸ ಮಾಡುತ್ತದೆ. ಓದಿದ್ದರಿಂದ ಗೆಡ್ಡೆ ಬೆಳೆಯಿತೆಂದು ಈ ಸಂಶೋಧನೆ ಎಲ್ಲೂ ಹೇಳಿಲ್ಲ. ಅವರು ಓದಲಿ, ನೀವು ಮಾತಾಡಿಸಿ.

ಅಡಮ್-10ನ್ನು ತಡೆಯುವ ಔಷಧ ಇಲಿಗಳಲ್ಲಿ ಗೆಡ್ಡೆಯನ್ನು ನಿಧಾನಿಸಿದೆ. ನಮ್ಮ ಆಸ್ಪತ್ರೆಗಳಲ್ಲಿ ಈಗ ಸಿಗುವುದು ಆಪರೇಷನ್, ರೇಡಿಯೇಷನ್, ಟೆಮೊಜೊಲೊಮೈಡ್ ಎಂಬ ಕೀಮೋ ಮಾತ್ರೆ. ಮಂಗಳೂರಿನಲ್ಲಿ ಆಪರೇಷನ್ ಮಾಡಿಸಿ ರೇಡಿಯೇಷನ್‌ಗೆ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿಗೆ ಹೋಗುವವರು ಬಯಾಪ್ಸಿ ವರದಿ, ಸ್ಕ್ಯಾನ್ ಎರಡನ್ನೂ ಮರೆಯದೆ ಒಯ್ಯಿರಿ. ಫಿಟ್ಸ್‌ನ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ಒಂದು ದಿನವೂ ಬಿಡಬೇಡಿ.